ಹಗ್ಗದ ಮೇಲಿನ ಕೈ

"ಅಜ್ಜೀ, ಒಂಚೂರು ಆ ಕಡೆ ಸರೀತೀರಾ? ವಿಡಿಯೋಗೆ ಅಡ್ಡ ಬರ್ತಿದೀರಿ."

ಹೀಗೆಂದವರು ಹಲ್ಲಿನ ಡಾಕ್ಟರು. ಶನಿವಾರ, ಭಾನುವಾರ ಎಲ್ಲಾದರೂ ಸದ್ದುಗದ್ದಲವಿಲ್ಲದ ಕಡೆ ಕಳೆಯೋಣವೆಂದು ಹೆಂಡತಿಯೊಡನೆ ಈ ಮೀನುಗಾರರ ಹಳ್ಳಿಗೆ ಬಂದಿದ್ದರು. ಬೆಳಗ್ಗೆ ದಡಕ್ಕಿಳಿದರೆ ಊರಿಗೆ ಊರೇ ಸಾಲಾಗಿ ನಿಂತು ಕಡಲಿನಿಂದ ಬಲೆ ಎಳೆಯುತ್ತಿತ್ತು. ಕೀಳುವುದು ಡಾಕ್ಟರಿಗೆ ಹೊಸದಲ್ಲ, ಎಳೆಯುವುದು ಹೊಸದು. ಪ್ಯಾಂಟು ಮಡಚಿಕೊಂಡು ನುಗ್ಗಿಯೇಬಿಟ್ಟರು. ಅಜ್ಜಿ ಹಗ್ಗ ಬಿಟ್ಟು ಪಕ್ಕಕ್ಕೆ ಸರಿದಳು. ಅವಳ ಅಂಗೈಯ ಬಿಸಿ ಇನ್ನೂ ಆರದ ಜಾಗವನ್ನು ಡಾಕ್ಟರು ಹಿಡಿದುಕೊಂಡರು.

"ರೀ, ಸ್ವಲ್ಪ ಮುಖ ಬಿಗೀರಿ. ಎಳೀತಿರೋ ಹಾಗೇ ಕಾಣ್ತಿಲ್ಲ," ಎಂದಳು ಹೆಂಡತಿ, ಮೊಬೈಲಿನ ಹಿಂದಿನಿಂದ.

"ಎಳೀತಾನೇ ಇದೀನಲ್ಲೇ!"

"ಹಗ್ಗಾನೇ ನಿಮ್ಮನ್ನ ಎಳ್ಕೊಂಡು ಹೋಗ್ತಿದೆ. ಎಲ್ಲಿ, ಇನ್ನೊಂದ್ಸಲ."

ಇನ್ನೊಂದು ಸಲವಾಯಿತು, ಮತ್ತೊಂದು ಸಲವೂ ಆಯಿತು. ನಡುವೆ ಅಜ್ಜಿ ಹಗ್ಗದತ್ತ ಕೈಚಾಚಿ, "ಆಯ್ತೇನಪ್ಪಾ?" ಎಂದು ಕೇಳಿದಳು. "ಆಯ್ತು ಆಯ್ತು, ಇದೊಂದೇ," ಎಂದರು ಡಾಕ್ಟರು, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆ ಹೇಳುವ ಅದೇ ದನಿಯಲ್ಲಿ. ಅಷ್ಟರಲ್ಲಿ ಬಲೆಯ ಹೊಟ್ಟೆ ಮರಳಿಗೆ ತಾಗಿತು. ದೋಣಿಯ ಯಜಮಾನ "ಹೋ!" ಎಂದು ಕೂಗಿದ. ಎಲ್ಲರೂ ನಿಂತಲ್ಲೇ ನಿಂತರು. ಅವನು ಹಗ್ಗದುದ್ದಕ್ಕೂ ನಡೆದು ಬಂದು ಒಬ್ಬೊಬ್ಬರ ಹೆಗಲು ಮುಟ್ಟಿದ. ಡಾಕ್ಟರ ಹೆಗಲನ್ನೂ ಮುಟ್ಟಿದ. ಶಾಬಾಸ್‌ಗಿರಿ ಸಿಕ್ಕಿತೆಂದು ಡಾಕ್ಟರು ಹಿಗ್ಗಿದರು.

ಹಿಗ್ಗು ಹೆಚ್ಚು ಹೊತ್ತು ಬಾಳಲಿಲ್ಲ. ಅವತ್ತು ಬಲೆಗೆ ಬಿದ್ದದ್ದೇ ಕಡಿಮೆ. ಯಜಮಾನ ಸಿಕ್ಕಷ್ಟು ಬಂಗುಡೆ ಮೀನನ್ನೇ ಸಣ್ಣ ಸಣ್ಣ ಗುಡ್ಡೆ ಮಾಡಿ, ತಾನು ಹೆಗಲು ಮುಟ್ಟಿದವರ ಮುಂದೆಲ್ಲ ಒಂದೊಂದು ಇಡುತ್ತ ಬಂದ. ಡಾಕ್ಟರ ಕಾಲ ಬಳಿಯೂ ಒಂದು ಇಟ್ಟ. ಅಜ್ಜಿಯ ಕಾಲ ಬಳಿ ಬರಿಯ ಮರಳು.

"ಅಯ್ಯೋ, ನನಗ್ಯಾಕೆ?" ಎಂದರು ಡಾಕ್ಟರು. "ಅಜ್ಜಿಗೆ ಕೊಡಿ. ಅವರು ತಾನೇ ಬೆಳಗ್ಗಿಂದ ಎಳೆದಿದ್ದು?"

"ಬಲೆ ದಡ ಮುಟ್ಟೋವಾಗ ಹಗ್ಗದ ಮೇಲೆ ಯಾರ ಕೈ ಇರುತ್ತೋ ಅವರಿಗೆ ಪಾಲು, ಸಾರ್. ನಿಮ್ಮ ಕೈ ಇತ್ತು." ಯಜಮಾನ ಅಜ್ಜಿಯ ಕಡೆ ನೋಡದೆ ಹೇಳಿದ. "ಮೊನ್ನೆ ನಮ್ಮ ಅಳಿಯ ಒಂದಕ್ಕೆ ಅಂತ ಆ ಬಂಡೆ ಹಿಂದೆ ಹೋಗಿದ್ದ. ಅವನಿಗೂ ಕೊಡ್ಲಿಲ್ಲ. ಮಗಳು ಇವತ್ತಿಗೂ ನನ್ನ ಹತ್ರ ಮಾತು ಬಿಟ್ಟಿದಾಳೆ."

ಡಾಕ್ಟರು ಬಗ್ಗಿ, ಮೀನನ್ನೆಲ್ಲ ಬೊಗಸೆಯಲ್ಲಿ ತುಂಬಿಕೊಂಡು ಅಜ್ಜಿಯ ಮುಂದೆ ಹಿಡಿದರು. ಅಜ್ಜಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬೇಡಪ್ಪಾ."

"ತಪ್ಪು ನನ್ನದು, ಅಜ್ಜಿ. ಆದರೂ ನೀವು ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತಾ?"

"ಹೇಳ್ಬಹುದಿತ್ತು. ನಾಲ್ಕು ಜನರ ಎದುರಿಗೆ ಊರಿಗೆ ಬಂದವರ ಕೈ ಕಿತ್ತು ಹಾಕೋದಾ? ಬಿಡ್ತೀರಿ, ಇನ್ನೇನು ಬಿಡ್ತೀರಿ ಅಂತ ಕಾಯ್ತಿದ್ದೆ." ಅಜ್ಜಿ ದನಿ ತಗ್ಗಿಸಿದಳು. "ವಯಸ್ಸಾಯ್ತಲ್ಲ ಮುದುಕಿ, ಮನೇಲಿ ಕೂತ್ಕೋ, ಏನೋ ಒಂದಿಷ್ಟು ಕೊಡ್ತೀವಿ ಅಂತ ಇವರೆಲ್ಲ ಆಗ್ಲೇ ರಾಗ ಎಳೀತಿದಾರೆ. ಇವತ್ತು ಕೈಯೊಡ್ಡಿದೆ ಅನ್ನಿ, ನಾಳೆ ನನ್ನನ್ನ ಹಗ್ಗದ ಹತ್ರ ಸೇರಿಸಲ್ಲ."

ಸಾಲಿನಲ್ಲಿದ್ದವರೆಲ್ಲ ಏನೂ ಕೇಳಿಸದವರಂತೆ, ಎಂದೂ ಇಲ್ಲದ ಶ್ರದ್ಧೆಯಿಂದ ಹಗ್ಗ ಸುತ್ತತೊಡಗಿದರು. ಡಾಕ್ಟರಿಗೆ ಬೊಗಸೆಯನ್ನು ಮುಂದೆ ಚಾಚಲೂ ಆಗಲಿಲ್ಲ, ಹಿಂದೆ ತೆಗೆಯಲೂ ಆಗಲಿಲ್ಲ. ಅದರಿಂದ ಒಂದು ಮೀನು ಜಾರಿ ಕೆಳಗೆ ಬಿತ್ತು. ಅಜ್ಜಿಯೇ ಅದನ್ನೆತ್ತಿ, ಮರಳು ಒರೆಸಿ, ಅವರ ಬೊಗಸೆಗೇ ಹಾಕಿದಳು.

"ಕುಯ್ಯೋಕೆ ಬರುತ್ತಾ ನಿಮಗೆ?"

"ಇಲ್ಲ."

"ಹಂಗಾದ್ರೆ ತನ್ನಿ ಇಲ್ಲಿ. ಕುಯ್ದವರಿಗೆ ತಲೆ. ಅದು ಕೂಲಿ. ಅದಕ್ಕೆ ಯಾರೂ ಏನೂ ಅನ್ನಂಗಿಲ್ಲ."

ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. ಅಜ್ಜಿ ಮಗುಚಿ ಹಾಕಿದ್ದ ದೋಣಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸೊಂಟದಿಂದ ಚಾಕು ತೆಗೆದಳು. ತಲೆ ಬುಟ್ಟಿಗೆ, ಕರುಳು ಕಾಗೆಗೆ, ಉಳಿದದ್ದೆಲ್ಲ ಡಾಕ್ಟರ ಚೀಲಕ್ಕೆ. ಚೀಲ ದಪ್ಪವಾಗುತ್ತ ಹೋಯಿತು. ಬುಟ್ಟಿಯ ತಳ ಇನ್ನೂ ಕಾಣುತ್ತಿತ್ತು.

ಹೆಂಡತಿ ಮೊಬೈಲನ್ನು ಯಾವಾಗಲೋ ಕೆಳಗಿಳಿಸಿದ್ದಳು. "ರೀ," ಎಂದು ಪಿಸುಗುಟ್ಟಿದಳು, "ತಲೇಲಿ ತಿನ್ನೋಕೆ ಏನಿರುತ್ತೆ?"

ಡಾಕ್ಟರು ಬುಟ್ಟಿಯೊಳಗೆ ಇಣುಕಿದರು. ಆಮೇಲೆ ಅಜ್ಜಿಯ ಕಿವಿಯ ಹತ್ತಿರ ಬಗ್ಗಿ, ಯಾರಿಗೂ ಕೇಳಿಸದ ಹಾಗೆ ಹೇಳಿದರು: "ಅಜ್ಜೀ, ನಾವಿಬ್ಬರೇ ಇರೋದು, ಇಷ್ಟೊಂದು ಬೇಕಾಗಿಲ್ಲ. ತಲೆ ಒಂಚೂರು ದೊಡ್ಡದಾಗೇ ಕತ್ತರಿಸಿ. ಹೊಟ್ಟೆ ತನಕ ಬಂದ್ರೂ ಪರವಾಗಿಲ್ಲ."

ಚಾಕು ನಿಂತಿತು. ಅಜ್ಜಿ ತಲೆಯೆತ್ತಿ ಅವರನ್ನು ನೋಡಿದಳು. ಹಗ್ಗದಿಂದ ಸರಿಯಲು ಹೇಳಿದಾಗಲೂ ಅವಳು ಹಾಗೆ ನೋಡಿರಲಿಲ್ಲ. ಆಮೇಲೆ ಮುಂದಿನ ಮೀನನ್ನು ಹಲಗೆಯ ಮೇಲಿಟ್ಟು, ಹೆಬ್ಬೆರಳಿನಿಂದ ಕಿವಿರು ತಡವಿ, ಕಿವಿರಿನ ಅರ್ಧವೂ ಡಾಕ್ಟರ ಚೀಲದ ಪಾಲಿಗೇ ಉಳಿಯುವಷ್ಟು ಒತ್ತಿ, ತಲೆಯನ್ನು ಮೊದಲಿಗಿಂತಲೂ ಚಿಕ್ಕದಾಗಿ ಕತ್ತರಿಸಿದಳು.