ರೊಟ್ಟಿಗಣತಿ

ಚಂದ್ರನ ಮೇಲೆ ಗಣತಿಯ ದಿನ ಯಾರೂ ಮನೆ ಬಿಟ್ಟು ಕದಲುವುದಿಲ್ಲ. ಗಣತಿಯಲ್ಲಿ ಎಷ್ಟು ತಲೆಯೋ, ಮುಂದಿನ ಗಣತಿಯವರೆಗೆ ಆ ಮನೆಯ ಕೊಳವೆಯಲ್ಲಿ ಅಷ್ಟೇ ಜನರ ಗಾಳಿ.

ಗಣತಿಗೆ ಬಂದ ಶಾಲೆಯ ಟೀಚರ್ ಶಾಂಭವಿಗೆ ನೀಲವ್ವನ ಮನೆಯೇ ದೊಡ್ಡ ತಲೆನೋವು. ಮುದುಕಿ ಮೊಮ್ಮಕ್ಕಳನ್ನು ಎಣಿಸಲು ಬಿಡುವುದಿಲ್ಲ.

"ಕೂಸುಗಳ್ನ ಎಣಿಸಬಾರ್ದವ್ವಾ, ದೃಷ್ಟಿ ಆಗತೈತಿ."

"ಹ್ವಾದ ಸಲನೂ ಹಿಂಗ ಅಂದು ಕಮ್ಮಿ ಬರಸಿದ್ರಿ. ಈಗ ಸಂಜಿ ಆತಂದ್ರ ಬಾಜೂ ಮನ್ಯಾಗ ಗಾಳಿ ಕಡ ಕೇಳ್ತೀರಿ."

ನೀಲವ್ವ ತುಸು ಯೋಚಿಸಿ, ಒಲೆಯ ಪಕ್ಕದ ಬುಟ್ಟಿಯನ್ನು ಮುಂದೆ ತಳ್ಳಿದಳು.

"ತಲಿಗೊಂದರಂಗ ರೊಟ್ಟಿ ಬಡದೇನಿ. ಅವನ್ನ ಎಣಿಸ್ಕೊ. ರೊಟ್ಟಿಗೇನ್ ದೃಷ್ಟಿ ಆಗಂಗಿಲ್ಲ."

ಒಂಬತ್ತು ರೊಟ್ಟಿ ಇದ್ದವು. ಶಾಂಭವಿ ಕೈಯಲ್ಲಿದ್ದ ಯಂತ್ರದಲ್ಲಿ ಒಂಬತ್ತು ಒತ್ತಿ, ಸದ್ಯ ಮುಗಿಯಿತಲ್ಲ ಎಂದುಕೊಂಡಳು. ಅಷ್ಟರಲ್ಲಿ ಅದರಲ್ಲೇ ಒಂದು ರೊಟ್ಟಿ, ಶೇಂಗಾ ಚಟ್ನಿ ಸಮೇತ, ಅವಳ ಕೈಗೆ ಬಂತು.

"ಅಯ್ಯ! ಇದರಾಗ ನಂದೂ ಇತ್ತೇನ್ರಿ? ಹಂಗಾರ ಲೆಕ್ಕದಾಗ ಒಂದು ತಲಿ ತೆಗೀಬೇಕು."

ನೀಲವ್ವ ಅವಳ ಕೈ ಹಿಡಿದುಕೊಂಡಳು.

"ಇರ್ಲಿ ಬಿಡವ್ವಾ. ಮನಿಗೆ ಬಂದವ್ರು ಉಸಿರು ಹಿಡ್ಕೊಂಡು ಕುಂದ್ರಬೇಕೇನು?"