ನಲವತ್ತೊಂದನೇ ಸಾಹಸ

"ನಲವತ್ತು ಕೌಬಾಯ್ ಕಾದಂಬರಿ ಬರೆದಿದ್ದೀನಿ. ಒಬ್ಬ ಓದುಗನಾದ್ರೂ ತಪ್ಪು ತೋರಿಸಿದ್ದಾನಾ? ಮತ್ತೆ ಕರಡು ತಿದ್ದೋರು ಯಾಕೆ ಬೇಕು?" ಎಂದು ಲೇಖಕರು ಪ್ರಕಾಶಕರನ್ನು ಕೇಳಿದರು.

ಮೊದಲ ಪುಸ್ತಕದಿಂದಲೂ ಕರಡು ತಿದ್ದುತ್ತಿದ್ದ ವನಮಾಲಮ್ಮ ಅಲ್ಲೇ ಕುಳಿತಿದ್ದರು. ಅವರ ಮನೆ ನಡೆಯುತ್ತಿದ್ದುದೇ ಈ ಕೆಲಸದಿಂದ.

"ಕಥೆ ಓಡಿಸೋದ್ರಲ್ಲಿ ನಿಮಗೆ ಸಮ ಯಾರೂ ಇಲ್ಲ ಸ್ವಾಮಿ, ಹಿಡಿದ್ರೆ ಕೆಳಗಿಡೋಕಾಗಲ್ಲ," ಎಂದರು ಆಕೆ. "ಆದ್ರೆ ಈ ಸಲ ಮೂರನೇ ಅಧ್ಯಾಯದಲ್ಲಿ ಸತ್ತ ಕುದುರೆ ಏಳನೇ ಅಧ್ಯಾಯದಲ್ಲಿ ಹುಲ್ಲು ಮೇಯ್ತಿದೆ. ಆರು ಗುಂಡಿನ ಪಿಸ್ತೂಲಲ್ಲಿ ನಾಯಕ ಒಂದೇ ಉಸಿರಿಗೆ ಹನ್ನೊಂದು ಜನರನ್ನ ಕೊಂದಿದ್ದಾನೆ."

"ಶೂರನ ಹತ್ರ ಲೆಕ್ಕ ಕೇಳ್ತಾರೇನ್ರೀ?"

"ಕೇಳಬಾರದು, ತಪ್ಪಾಯ್ತು. ಕುದುರೇನೂ ಭಾರಿ ಶೂರ ಇರ್ಬೇಕು, ಸತ್ತ ಮೇಲೂ ಹಸಿವಾಗಿದೆ."

ಪ್ರಕಾಶಕರು ಲೇಖಕರ ಮಾತನ್ನೇ ಒಪ್ಪಿದರು. ಆದರೂ ಒಳ್ಳೆಯವರು, ವನಮಾಲಮ್ಮನನ್ನು ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ನಲವತ್ತೊಂದನೇ ಪುಸ್ತಕ, ಲೇಖಕರು ಬರೆದುಕೊಟ್ಟಂತೆಯೇ, ಒಂದಕ್ಷರವೂ ಬದಲಾಗದೆ ಅಚ್ಚಾಯಿತು.

ತಿಂಗಳೊಳಗೆ ಪ್ರಕಾಶಕರ ಮೇಜಿನ ಮೇಲೆ ಓದುಗರ ಪತ್ರಗಳು ರಾಶಿ ಬಿದ್ದವು. ಎಲ್ಲದರಲ್ಲೂ ಒಂದೇ ಬೇಡಿಕೆ: "ಈ ಹೊಸಬರು ಬೇಡ, ದಯವಿಟ್ಟು ಹಳೆಯ ಲೇಖಕರಿಂದಲೇ ಬರೆಸಿ."