ಚೇರಮನ್ನರ ಕ್ಯಾನು

ಡೇರಿಯಲ್ಲಿ ಹಾಲು ಪರೀಕ್ಷಿಸುವ ನೀಲಮ ಲ್ಯಾಕ್ಟೋಮೀಟರನ್ನು ಮೇಲೆತ್ತಿ, ಮತ್ತೊಮ್ಮೆ ಇಳಿಬಿಟ್ಟು ನೋಡಿದಳು. ಎರಡೂ ಸಲ ಅದೇ ಡಿಗ್ರಿ. "ಇದರಾಗ ನೀರ ಐತ್ರಿ," ಅಂದಳು. ಸಾಲಿನಲ್ಲಿ ನಿಂತವರೆಲ್ಲ ಕುರ್ಚಿಯತ್ತ ತಿರುಗಿದರು, ಯಾಕೆಂದರೆ ಆ ಕ್ಯಾನು ಅಲ್ಲಿ ಕುಳಿತಿದ್ದ ಡೇರಿಯ ಚೇರಮನ್ ಬಾಬಾಸಾಹೇಬರದು. ಹನ್ನೆರಡು ವರ್ಷದಲ್ಲಿ ಅದಕ್ಕೆ ಯಾರೂ ಮೀಟರ್ ಇಳಿಸಿರಲಿಲ್ಲ. ಇವತ್ತು ಚಿಕ್ಕೋಡಿಯಿಂದ ತಪಾಸಣೆಗೆ ಬಂದ ಸಾಹೇಬರು ಅದನ್ನೇ ಬೊಟ್ಟು ಮಾಡಿ ತೋರಿಸಿದ್ದರು.

ಬಾಬಾಸಾಹೇಬರು ಕುರ್ಚಿಯಿಂದ ಎದ್ದರು. ಅಂಗಿಯ ತೋಳು ಮಡಚಿ, ಕ್ಯಾನನ್ನು ತಾವೇ ಎತ್ತಿ, ಎಲ್ಲರ ಕಣ್ಣೆದುರು ಗಟಾರಕ್ಕೆ ಸುರುವಿದರು. ಕೊನೆಯ ಹನಿ ಬೀಳುವ ತನಕ ಬಗ್ಗಿಸಿ ಹಿಡಿದರು. "ಮುಂದ ನಿಂತಾಂವ ಮೊದಲ ತಾ ಸರಿ ಇರಬೇಕ್ರಿ. ಕಾಯ್ದೆ ಎಲ್ಲಾರಿಗೂ ಒಂದ," ಅಂದರು. ಆಮೇಲೆ ಕ್ಯಾನು ಹೊತ್ತು ತಂದಿದ್ದ ಆಳು ಬಾಳುವಿನತ್ತ ತಿರುಗಿ, ದನಿ ಏರಿಸದೆ ಹೇಳಿದರು: "ನಿನ್ನ ನಂಬಿ ಕೊಟ್ಟಿದ್ನಲ್ಲೊ. ನಾಳೆಯಿಂದ ಬರಬ್ಯಾಡ."

"ಸಾಹೇಬ್ರ, ನೀವ..." ಅಂದ ಬಾಳು, ಅಷ್ಟಕ್ಕೇ ನಿಲ್ಲಿಸಿ ನೆಲ ನೋಡಿದ. ಡೇರಿಯ ಕಿಟಕಿ ಚೇರಮನ್ನರ ಕೊಟ್ಟಿಗೆಯ ಕಡೆಗೇ ಇದೆ. ದಿನಾ ಮುಂಜಾನೆ ಬಾಬಾಸಾಹೇಬರೇ ತಂಬಿಗೆ ಹಿಡಿದು ಆ ಕ್ಯಾನಿಗೆ ನೀರು ಸುರಿಯುವುದನ್ನು ನೀಲಮ ನೋಡುತ್ತಲೇ ಬಂದಿದ್ದಳು.

"ಮುಖಂಡ ಅಂದ್ರ ಹಿಂಗಿರಬೇಕ ನೋಡ್ರಿ," ಎನ್ನುತ್ತ ತಪಾಸಣೆಯ ಸಾಹೇಬರು ಚಪ್ಪಾಳೆ ಶುರು ಮಾಡಿದರು. ಸಾಲಿಗೆ ಸಾಲೇ ಚಪ್ಪಾಳೆ ತಟ್ಟಿತು. ಬಾಬಾಸಾಹೇಬರು ನೀಲಮಳತ್ತ ನೋಡಿದರು. ಬಾಳುವೂ ನೋಡಿದ. ಅವಳ ಕೈಯಲ್ಲಿ ಮೀಟರ್ ಇನ್ನೂ ಹಾಗೇ ಇತ್ತು. ಒಡೆಯದಂತೆ ಅದನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು, ಅವಳೂ ಚಪ್ಪಾಳೆ ತಟ್ಟಿದಳು.